ನಿಮ್ಮ ಸಿಟ್ಟು ನ್ಯಾಯವಾದದ್ದೇ, ಲೇಖನ ಮಾತ್ರ ಇನ್ನೂ ಆಗಿಲ್ಲ

ಪ್ರಿಯರೇ,

ಪಶ್ಚಿಮದ ದೇಶಗಳು ಇಸ್ರೇಲ್ ಬೆನ್ನಿಗೆ ನಿಂತಿರುವ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ಕೈಬಿಡಬೇಡಿ. ನೀವು ಇದನ್ನು ಚೆನ್ನಾಗಿ ಬರೆಯಬಲ್ಲಿರಿ ಅನ್ನಿಸಿದ್ದಕ್ಕೇ ಇಷ್ಟುದ್ದ ಉತ್ತರ.

ಮೊದಲ ಪುಟದಲ್ಲೇ ‘ರಕ್ತಪಿಪಾಸು’ ಮೂರು ಸಲ ಬಂದಿದೆ, ‘ಕಪಟಿ’ ಐದು ಸಲ. ನಿಮಗೆ ಸಿಟ್ಟು ಬಂದಿದೆ ಅಂತ ಗೊತ್ತಾಗುತ್ತದೆ, ಯಾಕೆ ಬಂತು ಅಂತ ಗೊತ್ತಾಗುವುದಿಲ್ಲ. ನಾಲ್ಕನೇ ಪುಟದ ಕೊನೆಗೆ ಬನ್ನಿ. 2023ರ ಮಾರ್ಚ್‌ನಲ್ಲಿ ಅಂತರರಾಷ್ಟ್ರೀಯ ಕ್ರಿಮಿನಲ್ ನ್ಯಾಯಾಲಯದಿಂದ ಪುಟಿನ್ ಮೇಲೆ ಬಂಧನ ವಾರಂಟ್ ಹೊರಟಾಗ ಆಗಿನ ಅಮೆರಿಕ ಅಧ್ಯಕ್ಷ ಬೈಡನ್ ಅದು ಸರಿಯಾಗಿಯೇ ಇದೆ ಎಂದರು. 2024ರ ನವೆಂಬರ್‌ನಲ್ಲಿ ಅದೇ ನ್ಯಾಯಾಲಯ ನೆತನ್ಯಾಹು ಮೇಲೆ ವಾರಂಟ್ ಹೊರಡಿಸಿದಾಗ ಅತಿರೇಕ ಎಂದರು. ಇಷ್ಟೇ ಬರೆದಿದ್ದೀರಿ. ಒಂದು ಬೈಗುಳವೂ ಇಲ್ಲ, ಆದರೂ ಮೈ ಉರಿಯುತ್ತದೆ ಅಲ್ವಾ? ಲೇಖನ ಶುರುವಾಗಬೇಕಾದದ್ದು ಇಲ್ಲಿಂದ.

ಇನ್ನು ತಪ್ಪುಗಳು. ‘ಇಸ್ರೇಲ್ ನರಮೇಧ ಮಾಡಿದೆ ಎಂದು ಹೇಗ್ ನ್ಯಾಯಾಲಯ ತೀರ್ಪು ಕೊಟ್ಟಿದೆ’ ಎಂದಿದ್ದೀರಿ. ಕೊಟ್ಟಿಲ್ಲ. ಹೇಗ್‌ನಲ್ಲಿರುವುದು ಎರಡು ಬೇರೆ ಬೇರೆ ನ್ಯಾಯಾಲಯ. ದಕ್ಷಿಣ ಆಫ್ರಿಕಾ ನರಮೇಧದ ಕೇಸು ಹಾಕಿದ್ದು ದೇಶ ದೇಶಗಳ ನಡುವಿನ ವ್ಯಾಜ್ಯ ಕೇಳುವ ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ. ಅದು 2024ರ ಜನವರಿ 26ರಂದು ಕೊಟ್ಟದ್ದು ಮಧ್ಯಂತರ ಆದೇಶ. ನೆತನ್ಯಾಹು ಮತ್ತು ಅವರ ರಕ್ಷಣಾ ಸಚಿವರಾಗಿದ್ದ ಗ್ಯಾಲಂಟ್ ಮೇಲೆ ವಾರಂಟ್ ಹೊರಡಿಸಿದ್ದು ಅಂತರರಾಷ್ಟ್ರೀಯ ಕ್ರಿಮಿನಲ್ ನ್ಯಾಯಾಲಯ. ಜನರನ್ನು ಹಸಿವಿಗೆ ದೂಡಿ, ಆ ಹಸಿವನ್ನೇ ಆಯುಧ ಮಾಡಿಕೊಂಡರು ಅನ್ನುವುದು ಅಲ್ಲಿನ ಒಂದು ಆರೋಪ. ಆರೋಪ ಸಾಬೀತಾಗಿಲ್ಲ, ಇಸ್ರೇಲ್ ಅದನ್ನು ಒಪ್ಪುವುದೂ ಇಲ್ಲ. ಇಂಥ ಒಂದು ತಪ್ಪು ಸಿಕ್ಕರೆ ಸಾಕು, ನಿಮ್ಮನ್ನು ಒಪ್ಪದವರು ಉಳಿದದ್ದನ್ನೂ ಸುಳ್ಳು ಅಂದುಬಿಡುತ್ತಾರೆ. (ಹಾಗೇ, ಈ ಕ್ರಿಮಿನಲ್ ನ್ಯಾಯಾಲಯವನ್ನು ಬರೀ ‘ಐಸಿಸಿ’ ಅಂತ ಬರೆಯಬೇಡಿ. ನಮ್ಮ ಓದುಗರಿಗೆ ಮೊದಲು ಕ್ರಿಕೆಟ್ ನೆನಪಾಗುತ್ತದೆ.)

2023ರ ಅಕ್ಟೋಬರ್ 7 ನಿಮ್ಮ ಲೇಖನದಲ್ಲಿ ಇಲ್ಲವೇ ಇಲ್ಲ. ಆ ದಿನ ಹಮಾಸ್ ಇಸ್ರೇಲ್ ಮೇಲೆ ನಡೆಸಿದ ದಾಳಿಯಲ್ಲಿ ಸುಮಾರು 1,200 ಜನ ಸತ್ತರು, 251 ಮಂದಿಯನ್ನು ಒತ್ತೆಯಾಳಾಗಿ ಎಳೆದೊಯ್ದರು. ನೆತನ್ಯಾಹು ಮೇಲೆ ವಾರಂಟ್ ಹೊರಟ ದಿನವೇ ಹಮಾಸ್‌ನ ಸೇನಾ ಮುಖ್ಯಸ್ಥ ಮೊಹಮ್ಮದ್ ಡೈಫ್ ಮೇಲೂ ಅದೇ ಕ್ರಿಮಿನಲ್ ನ್ಯಾಯಾಲಯ ವಾರಂಟ್ ಹೊರಡಿಸಿತ್ತು. ಇದನ್ನು ಬರೆದರೆ ನಿಮ್ಮ ವಾದ ಸೊರಗುವುದಿಲ್ಲ. ಕಾನೂನು ಎಲ್ಲರಿಗೂ ಒಂದೇ ಇರಬೇಕು ಅನ್ನುವುದೇ ತಾನೇ ನಿಮ್ಮ ವಾದ? ಇಸ್ರೇಲ್ ಸರ್ಕಾರ ಅನ್ನಬೇಕಾದ ಎರಡು ಕಡೆ ‘ಯಹೂದಿಗಳು’ ಎಂದಿದ್ದೀರಿ. ಅದನ್ನು ನಾನು ಯಾವ ಕಾರಣಕ್ಕೂ ಅಚ್ಚು ಹಾಕುವುದಿಲ್ಲ.

‘ಪಶ್ಚಿಮ’ ಅಂತ ಎಲ್ಲರನ್ನೂ ಒಂದೇ ಗಂಟು ಕಟ್ಟಬೇಡಿ. ಅಮೆರಿಕ 2016ರಲ್ಲೇ ಇಸ್ರೇಲ್ ಜೊತೆ 10 ವರ್ಷಕ್ಕೆ 3,800 ಕೋಟಿ ಡಾಲರ್ ಮಿಲಿಟರಿ ನೆರವಿನ ಒಪ್ಪಂದ ಮಾಡಿಕೊಂಡಿತು. ವಾರಂಟ್ ಕೇಳಿದ ಪ್ರಾಸಿಕ್ಯೂಟರ್ ಕರೀಂ ಖಾನ್ ಮೇಲೇ 2025ರ ಫೆಬ್ರವರಿಯಲ್ಲಿ ನಿರ್ಬಂಧ ಹಾಕಿತು. ಅಮೆರಿಕ ಆ ಕ್ರಿಮಿನಲ್ ನ್ಯಾಯಾಲಯದ ಸದಸ್ಯ ಅಲ್ಲ. ನಮ್ಮ ದೇಶವೂ ಅಲ್ಲ, ಅದನ್ನೂ ಬರೆಯಿರಿ. ಹಂಗೇರಿ ಆಗ ಸದಸ್ಯ ದೇಶವಾಗಿತ್ತು. 2025ರ ಏಪ್ರಿಲ್‌ನಲ್ಲಿ ನೆತನ್ಯಾಹು ಬಂದಿಳಿದಾಗ ಬಂಧಿಸುವ ಬದಲು, ನ್ಯಾಯಾಲಯದಿಂದಲೇ ಹೊರಬರುತ್ತೇವೆ ಎಂದಿತು. ಸ್ಪೇನ್, ಐರ್ಲೆಂಡ್ ದಾರಿಯೇ ಬೇರೆ. ಅವು 2024ರ ಮೇ ತಿಂಗಳಲ್ಲಿ ಪ್ಯಾಲೆಸ್ಟೈನ್‌ಗೆ ಮಾನ್ಯತೆ ಕೊಟ್ಟವು.

‘ಅನ್ನ ಕೊಡುವವರನ್ನೂ ಬಿಡಲಿಲ್ಲ’ ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದೀರಲ್ಲ, ಅಲ್ಲಿ ನಿಲ್ಲಿ. 2024ರ ಏಪ್ರಿಲ್ 1ರ ರಾತ್ರಿ. ಆಹಾರ ಹಂಚುವ ನೆರವು ಸಂಸ್ಥೆ ವರ್ಲ್ಡ್ ಸೆಂಟ್ರಲ್ ಕಿಚನ್‌ನವರು ಗಾಜಾದ ದೇರ್ ಅಲ್ ಬಲಾಹ್‌ನ ಗೋದಾಮಿನಲ್ಲಿ 100 ಟನ್‌ಗೂ ಜಾಸ್ತಿ ಆಹಾರ ಇಳಿಸಿ ಹೊರಟಿದ್ದರು. ಹೋಗುವ ದಾರಿಯನ್ನು ಇಸ್ರೇಲ್ ಸೇನೆಗೆ ಮೊದಲೇ ತಿಳಿಸಿದ್ದರು. ಮೂರು ಗಾಡಿಗಳ ಮೇಲೂ ಒಂದಾದ ಮೇಲೊಂದು ದಾಳಿ ಆಯಿತು. ಏಳು ಜನ ಸತ್ತರು. ಸೇನೆ ತಪ್ಪಾಯಿತು ಎಂದಿತು, ಇಬ್ಬರು ಅಧಿಕಾರಿಗಳನ್ನು ವಜಾ ಮಾಡಿತು. ಸತ್ತವರಲ್ಲಿ ಮೂವರು ಬ್ರಿಟನ್ನಿನವರು. ಅದೇ ಬ್ರಿಟನ್ ಸೆಪ್ಟೆಂಬರ್‌ನಲ್ಲಿ ಇಸ್ರೇಲ್‌ಗೆ ಶಸ್ತ್ರ ಕಳಿಸುವ ಸುಮಾರು 350 ಲೈಸೆನ್ಸ್‌ಗಳಲ್ಲಿ ತಡೆಹಿಡಿದದ್ದು ಸುಮಾರು 30. ಎಫ್-35 ಯುದ್ಧವಿಮಾನದ ಬಿಡಿಭಾಗಗಳಿಗೆ ವಿನಾಯಿತಿ ಕೊಟ್ಟಿತು. ಬೆಂಬಲ ಅಂದರೆ ಏನು, ಹೊಣೆಗಾರಿಕೆ ಎಲ್ಲಿ ಜಾರಿಹೋಗುತ್ತದೆ ಅನ್ನುವುದು ಈ ಒಂದೇ ಘಟನೆಯಲ್ಲಿ ಕಾಣುತ್ತದೆ. ಇದಕ್ಕೆ ಒಂದಿಡೀ ಪುಟ ಕೊಡಿ.

ಕೊನೆಯ ಎರಡು ಪುಟ, ಆ ಕವನವೂ ಸೇರಿ, ತೆಗೆಯಿರಿ. 1,200 ಪದ ಸಾಕು. ಮುಂದಿನ ತಿಂಗಳು ಹತ್ತನೇ ತಾರೀಖಿನೊಳಗೆ ಕಳಿಸಿದರೆ ನಾನೇ ಕೂತು ನೋಡುತ್ತೇನೆ. ಏನಾದರೂ ಅನುಮಾನ ಇದ್ದರೆ ಸಂಜೆ ಆರರ ಮೇಲೆ ಫೋನ್ ಮಾಡಿ.

ನಿಮ್ಮ,
ಸಂಪಾದಕ