ವರ್ಡ್ ಇಲ್ಲದೆ ಕನ್ನಡ ಬರೆದಿಡಲು ನೋಟ್‌ಪ್ಯಾಡ್ ಸಾಕು, ಆದರೆ ಸೇವ್ ಮಾಡುವಾಗ ಒಂದು ಕಡೆ ನೋಡಿ

ವರ್ಡ್‌ಗೆ ದುಡ್ಡು ಕೊಡಬೇಕಂತೆ, ಕನ್ನಡದಲ್ಲಿ ನಾಲ್ಕು ಸಾಲು ಬರೆದಿಡಲು ಕಂಪ್ಯೂಟರಿನಲ್ಲಿ ಬೇರೆ ಏನಾದರೂ ಇದೆಯಾ ಅಂತ ಕೇಳಿದ್ದೀರಿ. ಇದೆ. ಏನನ್ನೂ ಡೌನ್‌ಲೋಡ್ ಮಾಡಬೇಡಿ. ನಿಮ್ಮದು ವಿಂಡೋಸ್ ಆದರೆ ನೋಟ್‌ಪ್ಯಾಡ್ ಅದರ ಜೊತೆಗೇ ಬಂದಿರುತ್ತದೆ, 1985ರ ಮೊದಲ ವಿಂಡೋಸ್‌ನಲ್ಲೂ ಅದು ಇತ್ತು.

ಕೀಬೋರ್ಡಿನಲ್ಲಿ ವಿಂಡೋಸ್ ಗುರುತಿರುವ ಕೀಲಿ ಹಿಡಿದುಕೊಂಡು ಆರ್ ಒತ್ತಿ. ಎಡಗಡೆ ಕೆಳಗೆ ಸಣ್ಣ ಕಿಟಕಿ ಬರುತ್ತದೆ. ಅದರಲ್ಲಿ ಇಂಗ್ಲಿಷಿನಲ್ಲಿ ನೋಟ್‌ಪ್ಯಾಡ್ ಅಂತ, ಮಧ್ಯೆ ಜಾಗ ಬಿಡದೆ ಟೈಪ್ ಮಾಡಿ ಎಂಟರ್ ಕೊಡಿ. ಖಾಲಿ ಹಾಳೆ ತೆರೆಯುತ್ತದೆ. ಕನ್ನಡಕ್ಕೆ ಸೆಟ್ಟಿಂಗ್ಸ್‌ನ ಭಾಷೆ ವಿಭಾಗದಲ್ಲಿ ಕನ್ನಡ ಸೇರಿಸಿಕೊಳ್ಳಿ, ಆಮೇಲೆ ವಿಂಡೋಸ್ ಕೀಲಿಯ ಜೊತೆ ಸ್ಪೇಸ್ ಒತ್ತಿದರೆ ಭಾಷೆ ಬದಲಾಗುತ್ತದೆ. ಕೀಲಿಗಳ ಜಾಗ ಗೊತ್ತಿಲ್ಲದಿದ್ದರೆ ಫೋನೆಟಿಕ್ ಕೀಬೋರ್ಡ್ ಆರಿಸಿ, ಇಂಗ್ಲಿಷ್ ಅಕ್ಷರದಲ್ಲಿ ಮನೆ ಅಂತ ಹೊಡೆದರೆ ಕನ್ನಡದಲ್ಲೇ ಮೂಡುತ್ತದೆ.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. 2012ರಲ್ಲಿ ನನ್ನ ಅಜ್ಜಿ ಹೇಳುತ್ತಿದ್ದ ಸೋಬಾನೆ ಪದಗಳನ್ನು ಒಂದು ರಾತ್ರಿ ಪಕ್ಕದಲ್ಲೇ ಕೂತು ನೋಟ್‌ಪ್ಯಾಡ್‌ನಲ್ಲಿ ಟೈಪ್ ಮಾಡಿದೆ. ಸೇವ್ ಮಾಡುವಾಗ ಏನೋ ಉದ್ದದ ಎಚ್ಚರಿಕೆ ಬಂತು, ನಿದ್ದೆಗಣ್ಣಿನಲ್ಲಿ ಓದದೆ ಓಕೆ ಒತ್ತಿ ಮಲಗಿದೆ. ಬೆಳಿಗ್ಗೆ ತೆರೆದರೆ ಸಾಲು ಸಾಲು ಪ್ರಶ್ನಾರ್ಥಕ ಚಿಹ್ನೆ. ಪದಗಳ ನಡುವಿನ ಜಾಗ ಮಾತ್ರ ಹಾಗೇ ಉಳಿದಿತ್ತು, ಯಾವ ಸಾಲಿನಲ್ಲಿ ಎಷ್ಟು ಪದ ಇತ್ತು ಅಂತ ಎಣಿಸಬಹುದಿತ್ತು, ಪದ ಯಾವುದು ಅಂತ ಗೊತ್ತಾಗುತ್ತಿರಲಿಲ್ಲ. ಅಜ್ಜಿ ಪಾಪ ಮತ್ತೆ ಹೇಳಿದರು, ಆದರೆ ಎರಡು ಹಾಡು ಅವರಿಗೂ ಪೂರ್ತಿ ನೆನಪಾಗಲಿಲ್ಲ.

ಆಗಿದ್ದೇನು ಅಂದರೆ, ಆಗಿನ ನೋಟ್‌ಪ್ಯಾಡ್ ತಾನಾಗಿ ಆನ್ಸಿ ಅನ್ನೋ ವಿಧಾನದಲ್ಲಿ ಸೇವ್ ಮಾಡುತ್ತಿತ್ತು. ನಮ್ಮ ಕಂಪ್ಯೂಟರುಗಳಲ್ಲಿ ಅದು ಒಂದು ಅಕ್ಷರಕ್ಕೆ ಒಂದೇ ಬೈಟ್, ಅಂದರೆ ಕಡತದಲ್ಲಿ ಒಂದು ಪುಟ್ಟ ಅಳತೆಯ ಜಾಗ, ಕೊಡುತ್ತಿತ್ತು, ಒಟ್ಟು 256 ಜಾಗ, ಅದರಲ್ಲಿ ಕನ್ನಡಕ್ಕೆ ಜಾಗವೇ ಇರಲಿಲ್ಲ. ಯುಟಿಎಫ್-8 ಅನ್ನೋದು ಎಲ್ಲ ಭಾಷೆಯ ಅಕ್ಷರಗಳಿಗೂ ಜಾಗ ಇರುವ ಇನ್ನೊಂದು ವಿಧಾನ, ಅದರಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟ್ ಸಿಗುತ್ತದೆ. ಅಜ್ಜಿ ಅನ್ನೋ ಪದದಲ್ಲಿ ಅ, ಜ, ಒತ್ತು ಕೊಡುವ ಚಿಹ್ನೆ, ಮತ್ತೊಂದು ಜ, ಗುಡಿಸು, ಹೀಗೆ ಐದು ಚಿಹ್ನೆ, ಅಂದರೆ 15 ಬೈಟ್. ಆನ್ಸಿಯಲ್ಲಿ ಅದೇ ಪದ ಐದು ಪ್ರಶ್ನಾರ್ಥಕ ಚಿಹ್ನೆ ಆಗುತ್ತದೆ, ಒಮ್ಮೆ ಹಾಗಾದರೆ ಆ ಕಡತದಿಂದ ವಾಪಸ್ ಪಡೆಯುವ ದಾರಿಯೇ ಇಲ್ಲ.

2019ರ ಮೇ ತಿಂಗಳ ವಿಂಡೋಸ್ 10 ಅಪ್‌ಡೇಟ್ ನಂತರ ಹೊಸ ಕಡತ ತಾನಾಗಿ ಯುಟಿಎಫ್-8 ಆಗಿರುತ್ತದೆ. ಆದರೂ ಮೊದಲ ಸಲ ಸೇವ್ ಮಾಡುವಾಗ ಕೆಳಗೆ ಸೇವ್ ಬಟನ್ ಪಕ್ಕದ ಎನ್‌ಕೋಡಿಂಗ್ ಅನ್ನೋ ಪೆಟ್ಟಿಗೆಯಲ್ಲಿ ಯುಟಿಎಫ್-8 ಅಂತ ಇದೆಯಾ ನೋಡಿಬಿಡಿ. ವಿಂಡೋಸ್ 7 ಇದ್ದರೆ ಅದನ್ನು ನೀವೇ ಯುಟಿಎಫ್-8ಗೆ ಬದಲಿಸಬೇಕು, ಮರೆಯಬೇಡಿ.

ಮ್ಯಾಕ್ ಆದರೆ ಟೆಕ್ಸ್ಟ್‌ಎಡಿಟ್ ಇದೆ, ಫಾರ್ಮ್ಯಾಟ್ ಮೆನುವಿನಲ್ಲಿ ಮೇಕ್ ಪ್ಲೇನ್ ಟೆಕ್ಸ್ಟ್ ಒತ್ತಿಕೊಳ್ಳಿ.

ಇನ್ನೊಂದು ಇಷ್ಟದ ವಿಷಯ ಹೇಳಿಬಿಡ್ತೀನಿ. ನೋಟ್‌ಪ್ಯಾಡ್ ಕಡತದ ಮೊದಲ ಸಾಲಿನಲ್ಲಿ ಒಂದು ಚುಕ್ಕಿ ಇಟ್ಟು, ಅದಕ್ಕೆ ಅಂಟಿಸಿ ಇಂಗ್ಲಿಷಿನ ದೊಡ್ಡಕ್ಷರದಲ್ಲಿ ಎಲ್, ಓ, ಜಿ ಬರೆದು ಸೇವ್ ಮಾಡಿ ಮುಚ್ಚಿ. ಮುಂದೆ ಪ್ರತಿ ಸಲ ತೆರೆದಾಗ ಅವತ್ತಿನ ತಾರೀಖು, ಸಮಯ ಕೊನೆಯಲ್ಲಿ ತಾನೇ ಬಂದು ಕೂರುತ್ತದೆ. ಮನೆಯ ಹಾಲಿನ ಲೆಕ್ಕ ನಾನು ಹೀಗೇ ಬರೆಯುವುದು.