ಕುಡಿತ ಬಿಟ್ಟ ಸೈನಿಕನಿಗೆ ಅಮ್ಮನ ಮನೆ ಸಾಲದೇ?

ಮೇಡಂ, ನಮಸ್ಕಾರ.

ಹೆಸರು ಹಾಕಬೇಡಿ ಅಂದಿದ್ದೀರಿ, ಹಾಕಿಲ್ಲ. ಉಳಿದ ಓದುಗರಿಗಾಗಿ ನಿಮ್ಮ ಪತ್ರದ ವಿಷಯ ಚುಟುಕಾಗಿ ಹೇಳಿಬಿಡುತ್ತೇನೆ. ನಿಮ್ಮ ಅಕ್ಕನ ಮಗ ಅಮೆರಿಕದ ಸೇನೆಯಲ್ಲಿದ್ದವರು, ಯುದ್ಧಕ್ಕೆ ಹೋಗಿ ಬಂದವರು. ಬಂದ ಮೇಲೆ ಕುಡಿತ ಹತ್ತಿತು. ಈಗ ಚಿಕಿತ್ಸೆ ಮುಗಿದಿದೆ. ಆಸ್ಪತ್ರೆಯವರು ಅವರನ್ನು ಮನೆಗೆ ಕಳಿಸುವ ಬದಲು, ಕುಡಿತ ಬಿಟ್ಟವರೇ ಸೇರಿ ಬಾಡಿಗೆಗೆ ಹಿಡಿದಿರುವ 'ಸೋಬರ್ ಹೌಸ್'ಗೆ ಹೋಗಿ ಅಂದಿದ್ದಾರೆ. ಅಕ್ಕನಿಗೆ ಅದು ಸುತರಾಂ ಇಷ್ಟವಿಲ್ಲ, ನಿಮಗೂ ಇಲ್ಲ. "ಹತ್ತು ಜನ ಕುಡುಕರನ್ನು ಒಂದೇ ಸೂರಿನ ಕೆಳಗೆ ಇಟ್ಟರೆ, ಒಬ್ಬ ಜಾರಿದಾಗ ಉಳಿದವರೂ ಜಾರುವುದಿಲ್ಲವೇ? ದೇಶಕ್ಕಾಗಿ ದುಡಿದವನನ್ನು ಒಂದು ಸಲ ಕುಡಿದ ಅಂತ ರಾತ್ರೋರಾತ್ರಿ ಬೀದಿಗೆ ತಳ್ಳುವುದು ಯಾವ ನ್ಯಾಯ? ಹೆತ್ತವಳ ಮನೆ ಇರುವಾಗ ಇದೆಲ್ಲ ಯಾಕೆ?" ಅಂತ ಕೇಳಿದ್ದೀರಿ.

ನಾನು ಆಸ್ಪತ್ರೆಯವರ ಪಕ್ಷ, ಮೊದಲೇ ಹೇಳಿಬಿಡುತ್ತೇನೆ. ಆದರೆ ನಿಮ್ಮ ಎರಡನೇ ಪ್ರಶ್ನೆಯಲ್ಲಿ ಹುರುಳಿದೆ. ಅದಕ್ಕೇ ಉತ್ತರ ಇಷ್ಟು ಉದ್ದ.

ಈ ಮನೆಗಳನ್ನು ನೀವು ಹಾಸ್ಟೆಲ್ ಥರ ಅಂದುಕೊಂಡಿದ್ದೀರಿ. ವಾರ್ಡನ್ ಇರುತ್ತಾನೆ, ಅವನು ಹೇಳಿದ ಹಾಗೆ ಉಳಿದವರು ಕೇಳಬೇಕು ಅಂತ. ಅಂಥವೂ ಇವೆ. ಆದರೆ ಅಲ್ಲಿ ಹೆಚ್ಚು ಹೆಸರಾಗಿರುವುದು ಆಕ್ಸ್‌ಫರ್ಡ್ ಹೌಸ್ ಎಂಬ ಮಾದರಿ. 1975ರಲ್ಲಿ ಮೇರಿಲ್ಯಾಂಡ್ ರಾಜ್ಯದ ಸಿಲ್ವರ್ ಸ್ಪ್ರಿಂಗ್‌ನಲ್ಲಿ ಕೌಂಟಿ (ನಮ್ಮ ಜಿಲ್ಲೆಯ ಥರ) ಸರ್ಕಾರ ನಡೆಸುತ್ತಿದ್ದ ಒಂದು ಪುನರ್ವಸತಿ ಮನೆಗೆ ಬೀಗ ಬೀಳುವ ಹಾಗಾಯಿತು, ದುಡ್ಡಿಲ್ಲ ಅಂತ. ಒಳಗಿದ್ದವರಲ್ಲಿ ಪಾಲ್ ಮಲಾಯ್ ಅಂತ ಒಬ್ಬ ವಕೀಲರಿದ್ದರು, ಕುಡಿತದಿಂದ ಕೆಲಸ, ಸಂಸಾರ ಎರಡನ್ನೂ ಕಳೆದುಕೊಂಡವರು. ಅವರೂ ಜೊತೆಯವರೂ ಸೇರಿ ಆ ಮನೆಯನ್ನು ತಾವೇ ಬಾಡಿಗೆಗೆ ಹಿಡಿದರು. ಸಂಬಳದ ಸಿಬ್ಬಂದಿ ಬೇಡ, ಮನೆ ನಡೆಸುವುದು ಮತ ಹಾಕಿ, ಖರ್ಚು ಎಲ್ಲರೂ ಹಂಚಿಕೊಳ್ಳುವುದು, ಕುಡಿದವನು ತಕ್ಷಣ ಹೊರಗೆ. ಅಷ್ಟೇ. ಇಷ್ಟೇ ದಿನ ಇರಬೇಕು ಅನ್ನುವ ಗಡುವನ್ನೂ ತೆಗೆದುಹಾಕಿದರು, ಯಾಕಂದರೆ ಹಳೇ ಪದ್ಧತಿಯಲ್ಲಿ ಗಡುವು ಮುಗಿದು ಹೊರಗೆ ಹೋದವರು ಮತ್ತೆ ಬಾಟಲಿ ಹಿಡಿಯುವುದನ್ನು ಅವರು ಕಣ್ಣಾರೆ ಕಂಡಿದ್ದರು.

ಆಮೇಲೆ ಅದು ದೇಶದ ತುಂಬ ಹಬ್ಬಿತು. 1988ರ ಒಂದು ಕೇಂದ್ರ ಕಾನೂನು ಇಂಥ ಹೊಸ ಮನೆಗಳಿಗೆ 4,000 ಡಾಲರ್‌ವರೆಗೆ ಸಾಲ ಕೊಡುವ ನಿಧಿ ಇಡಿ ಅಂತ ರಾಜ್ಯಗಳಿಗೆ ಹೇಳಿತು. ಸಾಲ ಗಮನಿಸಿ, ದಾನ ಅಲ್ಲ. ಎರಡು ವರ್ಷದೊಳಗೆ ತೀರಿಸಬೇಕು.

ಹೊಸಬ ಒಳಗೆ ಬರಬೇಕಾದರೆ ಇರುವವರಲ್ಲಿ ನೂರಕ್ಕೆ 80ರಷ್ಟು ಜನ ಒಪ್ಪಬೇಕು. ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ ಎಲ್ಲ ಅವರೊಳಗೇ, ಆರು ತಿಂಗಳಿಗೊಮ್ಮೆ ಬದಲು. ನಿನ್ನೆ ಮೊನ್ನೆವರೆಗೆ ಮನೆಯವರ ಪರ್ಸಿನಿಂದ ದುಡ್ಡು ಕದಿಯುತ್ತಿದ್ದವನ ಕೈಗೆ ಇವತ್ತು ಇಡೀ ಮನೆಯ ಚೆಕ್ ಪುಸ್ತಕ ಬರಬಹುದು. ನನಗೆ ಈ ಪದ್ಧತಿಯಲ್ಲಿ ತುಂಬ ಹಿಡಿಸಿದ್ದು ಇದೇ. ಸೇನೆಯಿಂದ ಬಂದವನಿಗೆ ಹುಕುಂ ಪಾಲಿಸುವುದು ಹೊಸದಲ್ಲ, ಅದನ್ನು ವರ್ಷಗಟ್ಟಲೆ ಮಾಡಿದ್ದಾನೆ. ಹುಕುಂ ಕೊಡುವವರು ಯಾರೂ ಇಲ್ಲದ ಮನೆಯಲ್ಲಿ ಬಾಡಿಗೆ ಕಟ್ಟಿ, ಪಾತ್ರೆ ತೊಳೆದು, ಪಕ್ಕದವನ ಜೊತೆ ಜಗಳ ಬಗೆಹರಿಸಿಕೊಂಡು ಇರುವುದು ಅವನಿಗೆ ನಿಜಕ್ಕೂ ಕಷ್ಟದ ಕೆಲಸ.

ಈಗ ನಿಮ್ಮ ಮೊದಲ ಪ್ರಶ್ನೆ, ಒಬ್ಬ ಜಾರಿದರೆ ಎಲ್ಲರೂ ಜಾರುತ್ತಾರಾ? ಶಿಕಾಗೋದ ಡಿಪಾಲ್ ವಿಶ್ವವಿದ್ಯಾಲಯದ ಲೆನರ್ಡ್ ಜೇಸನ್ ಮತ್ತು ಅವರ ತಂಡ ಇದನ್ನು ಪರೀಕ್ಷೆ ಮಾಡಿ ನೋಡಿದರು. ಚಿಕಿತ್ಸೆ ಮುಗಿಸಿದ 150 ಜನರಲ್ಲಿ ಅರ್ಧ ಜನರನ್ನು ಆಕ್ಸ್‌ಫರ್ಡ್ ಹೌಸ್‌ಗೆ, ಇನ್ನರ್ಧ ಜನರನ್ನು ಚಿಕಿತ್ಸೆ ನಂತರದ ಮಾಮೂಲಿ ವ್ಯವಸ್ಥೆಗೆ ಕಳಿಸಿದರು. ಯಾರು ಎಲ್ಲಿಗೆ ಅನ್ನುವುದು ಚೀಟಿ ಎತ್ತಿದ ಹಾಗೆ, ಯಾರ ಆಯ್ಕೆಯೂ ಇಲ್ಲ. 2006ರಲ್ಲಿ ಫಲಿತಾಂಶ ಪ್ರಕಟವಾಯಿತು. ಎರಡು ವರ್ಷದ ನಂತರ ಮತ್ತೆ ಕುಡಿತ ಅಥವಾ ಡ್ರಗ್ಸ್‌ಗೆ ಇಳಿದವರು ಆಕ್ಸ್‌ಫರ್ಡ್ ಹೌಸ್‌ಗೆ ಹೋದವರಲ್ಲಿ ಶೇ. 31.3, ಮಾಮೂಲಿ ದಾರಿಯಲ್ಲಿ ಹೋದವರಲ್ಲಿ ಶೇ. 64.8. ಅವರೆಲ್ಲ ಮಾಜಿ ಸೈನಿಕರಲ್ಲ, ಅದು ನೆನಪಿರಲಿ. ಇನ್ನೊಂದು ಮಾತು: ಒಳ್ಳೆಯ ಗುಂಪಿನಲ್ಲೂ ಮೂರರಲ್ಲಿ ಒಬ್ಬರ ಹತ್ತಿರ ಹತ್ತಿರ ಜಾರಿದ್ದಾರೆ. ಅಂಥ ಮನೆ ಸೇರಿದರೆ ಮುಗಿಯಿತು ಅಂತ ನಿಮ್ಮ ಅಕ್ಕ ಅಂದುಕೊಳ್ಳುವುದು ಬೇಡ.

ಹೆತ್ತವಳ ಮನೆ ಯಾಕೆ ಬೇಡ ಅನ್ನುವುದಕ್ಕೆ ಒಂದು ಹಳೇ ಕಥೆ ಇದೆ. ವಿಯೆಟ್ನಾಂ ಯುದ್ಧದ ಕೊನೆಯ ವರ್ಷಗಳಲ್ಲಿ ಅಲ್ಲಿದ್ದ ಸೈನಿಕರಲ್ಲಿ ಐವರಲ್ಲಿ ಒಬ್ಬರಷ್ಟು ಜನ ಹೆರಾಯಿನ್‌ನಂಥ ಮಾದಕಕ್ಕೆ ದಾಸರಾಗಿದ್ದರು. ಇವರೆಲ್ಲ ಊರಿಗೆ ಬಂದರೆ ಏನು ಗತಿ ಅಂತ ಸರ್ಕಾರ ಬೆವರಿತು. ಲೀ ರಾಬಿನ್ಸ್ ಎಂಬ ಸಂಶೋಧಕಿ ವಾಪಸ್ ಬಂದವರನ್ನು ಹುಡುಕಿ ಮಾತಾಡಿಸಿದರು. ಅಲ್ಲಿ ದಾಸರಾಗಿದ್ದವರಲ್ಲಿ ಮೂರು ವರ್ಷದೊಳಗೆ ಮತ್ತೆ ದಾಸರಾದವರು ಶೇ. 12 ಮಾತ್ರ. ಯಾರೂ ನಿರೀಕ್ಷಿಸಿರಲಿಲ್ಲ. ಕಾರಣಗಳು ಹಲವು ಇರಬಹುದು, ಆದರೆ ದೊಡ್ಡದು ಕಣ್ಣಿಗೆ ಹೊಡೆದ ಹಾಗಿದೆ: ಚಟ ಹತ್ತಿದ ಜಾಗ, ಮಾರುವವನು, ಜೊತೆಗೆ ಸೇದುವವನು ಎಲ್ಲವೂ ಸಮುದ್ರದಾಚೆ ಉಳಿದುಹೋದವು.

ನಿಮ್ಮ ಅಕ್ಕನ ಮಗನ ವಿಷಯದಲ್ಲಿ ಇದು ಉಲ್ಟಾ. ಅವರು ಕುಡಿದಿದ್ದು ಬಂದ ಮೇಲೆ, ಅಮ್ಮನ ಆ ಮನೆಯಲ್ಲೇ, ಆ ಕೋಣೆಯಲ್ಲೇ. ಬಾಟಲಿ ಎಲ್ಲಿ ಬಚ್ಚಿಡಬೇಕು, ಅಮ್ಮ ಎಷ್ಟು ಹೊತ್ತಿಗೆ ಮಲಗುತ್ತಾರೆ, ಏನು ಹೇಳಿದರೆ ನಂಬುತ್ತಾರೆ, ಎಲ್ಲ ಗೊತ್ತು. ಅಕ್ಕನಿಗೂ ಗೊತ್ತು, ಆದರೆ ಮಗ ಬಾಗಿಲಲ್ಲಿ ನಿಂತಾಗ ಅವರು ತೆರೆಯದೇ ಇರುತ್ತಾರಾ? ಇರಲಿಕ್ಕಾಗಲ್ಲ, ಇರಬೇಕು ಅಂತ ನಾನೂ ಹೇಳುವುದಿಲ್ಲ. ತಾಯಿಯನ್ನೇ ಕಾವಲಿಗೆ ನಿಲ್ಲಿಸಿದರೆ ಕೊನೆಗೆ ಇಬ್ಬರಿಗೂ ಒಬ್ಬರ ಮುಖ ಒಬ್ಬರು ನೋಡಲು ಆಗದ ಸ್ಥಿತಿ ಬರುತ್ತದೆ. ಸೋಬರ್ ಹೌಸ್‌ನಲ್ಲಿ ನಿಮ್ಮ ಹುಡುಗನ ಸುಳ್ಳನ್ನು ಹಿಡಿಯುವವನು ಅದೇ ಸುಳ್ಳನ್ನು ತಾನೂ ಹೇಳಿದವನು, ಮತ್ತು ನಾಳೆ ತಾನು ಕುಡಿದರೆ ಅದೇ ಬಾಗಿಲಿನಿಂದ ಹೊರಗೆ ಹೋಗಬೇಕಾದವನು. ಅವನ ಮಾತು ನಾಟುತ್ತದೆ. ಅಕ್ಕ ಭಾನುವಾರ ಊಟ ತಗೊಂಡು ಹೋಗಿ ನೋಡಿಕೊಂಡು ಬರಲಿ, ಬರೀ ಅಮ್ಮನಾಗಿ.

ಇನ್ನು ಹೊರಗೆ ಹಾಕುವ ನಿಯಮ. ಅದನ್ನು ನಾನು ಒಪ್ಪುತ್ತೇನೆ, ಸಂತೋಷದಿಂದ ಅಲ್ಲ. ಒಬ್ಬ ಕುಡಿದು ಬಂದು ಹಾಲ್‌ನಲ್ಲಿ ಕೂತರೆ, ಬಿಟ್ಟು ಮೂರು ವಾರ ಆದವನ ಮೂಗಿಗೆ ಆ ವಾಸನೆ ಬಡಿಯುತ್ತದೆ. ಈ ಸಲ ಬಿಡೋಣ, ಪಾಪ, ಎರಡು ಸಲ ಯುದ್ಧಕ್ಕೆ ಹೋದವನು ಅಂತ ಮನೆ ಮೆತ್ತಗಾದರೆ ಮುಂದಿನ ಸಲ ಯಾವ ಬಾಯಲ್ಲಿ ಹೇಳುತ್ತಾರೆ? ನಿಮ್ಮ ಮೊದಲ ಪ್ರಶ್ನೆಯ ಭಯ ನಿಜವಾಗುವುದು ಆಗಲೇ.

ಆದರೂ ನಿಯಮ ಇರುವುದು ಬೇರೆ, ಅದನ್ನು ನಡೆಸುವ ರೀತಿ ಬೇರೆ. ಕೆಲವು ದಿನ ಬಿಟ್ಟವನ ಮೈ ಹಳೇ ಪ್ರಮಾಣವನ್ನು ತಾಳುವುದಿಲ್ಲ. ಅಫೀಮು ಜಾತಿಯ ಡ್ರಗ್ಸ್ ಬಿಟ್ಟವನು ಮತ್ತೆ ಮೊದಲಿನಷ್ಟೇ ತಗೊಂಡರೆ ಉಸಿರೇ ನಿಲ್ಲಬಹುದು. ಅಂಥವನನ್ನು ಒಬ್ಬನೇ ಕತ್ತಲಿಗೆ ಕಳಿಸುವುದು ನಿಯಮ ಪಾಲನೆ ಅಲ್ಲ, ಕೈ ತೊಳೆದುಕೊಳ್ಳುವುದು. ಒಳ್ಳೆಯ ಮನೆಗಳಲ್ಲಿ ಸೇರುವಾಗಲೇ ಬರೆಸಿಕೊಳ್ಳುತ್ತಾರೆ: ನೀನು ಜಾರಿದರೆ ಆ ರಾತ್ರಿ ಎಲ್ಲಿಗೆ ಹೋಗುತ್ತೀಯ, ಯಾರಿಗೆ ಫೋನ್ ಮಾಡಬೇಕು, ಯಾವ ಆಸ್ಪತ್ರೆ. ಅಂಥ ಡ್ರಗ್ಸ್ ಹೆಚ್ಚಾಗಿ ಉಸಿರು ನಿಲ್ಲುವಾಗ ಮೂಗಿಗೆ ಹೊಡೆಯುವ ನಲೊಕ್ಸೋನ್ ಸ್ಪ್ರೇ ಎಲ್ಲರ ಕೈಗೆ ಸಿಗುವ ಕಡೆ ಇಟ್ಟಿರುತ್ತಾರೆ. ಹೊರಗೆ ಹೋದವನು ಸ್ವಲ್ಪ ಕಾಲ ಬಿಟ್ಟು ಮತ್ತೆ ಅರ್ಜಿ ಹಾಕಲು ದಾರಿ ಇರುತ್ತದೆ. ಈ ಮೂರೂ ಇಲ್ಲದ ಮನೆಗೆ ನಾನು ಯಾರನ್ನೂ ಕಳಿಸುವುದಿಲ್ಲ.

ಸೈನಿಕರ ವಿಷಯದಲ್ಲಿ ಇನ್ನೊಂದು ಎಳೆ ಇದೆ. ಮಾಜಿ ಸೈನಿಕರ ಇಲಾಖೆಯ (ಅಲ್ಲಿನವರ ಬಾಯಲ್ಲಿ ವಿಎ) ಲೆಕ್ಕದಲ್ಲಿ, ಚಟದ ಚಿಕಿತ್ಸೆಗೆ ಬರುವ ಮಾಜಿ ಸೈನಿಕರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ, ಯುದ್ಧದಂಥ ಆಘಾತದಿಂದ ಬರುವ ಮಾನಸಿಕ ಕಾಯಿಲೆಯಾದ ಪಿಟಿಎಸ್‌ಡಿಯೂ ಇರುತ್ತದೆ. ತುಂಬ ಜನ ಕುಡಿಯಲು ಶುರು ಮಾಡುವುದೇ ನಿದ್ದೆಗೋಸ್ಕರ. ಕುಡಿತ ನಿಂತ ಮೊದಲ ವಾರಗಳಲ್ಲಿ ಕೆಟ್ಟ ಕನಸು ಜಾಸ್ತಿ ಆಗಬಹುದು, ಕಿರುಚಿಕೊಂಡು ಏಳಬಹುದು. ಒಬ್ಬನೇ ಕೂತು ಕೊರಗದಿರಲಿ ಅಂತ ಈ ಮನೆಗಳಲ್ಲಿ ಸಾಮಾನ್ಯವಾಗಿ ಒಂದು ಕೋಣೆಗೆ ಇಬ್ಬರನ್ನು ಹಾಕುತ್ತಾರೆ. ಆ ಯೋಚನೆ ಒಳ್ಳೆಯದೇ, ಆದರೆ ಇಂಥವರಿಗೆ ಒಗ್ಗುತ್ತದಾ ಅಂತ ಕೇಳಲೇಬೇಕು. ಬರೀ ಮಾಜಿ ಸೈನಿಕರೇ ಇರುವ ಮನೆಯಲ್ಲಿ ಇದನ್ನು ಬಿಡಿಸಿ ಹೇಳುವ ಅಗತ್ಯ ಬೀಳುವುದಿಲ್ಲ. ಮಲಗಿದವನನ್ನು ಭುಜ ಹಿಡಿದು ಅಲ್ಲಾಡಿಸಿ ಎಬ್ಬಿಸಬಾರದು, ಬಾಗಿಲಲ್ಲಿ ನಿಂತು ಹೆಸರು ಕೂಗಬೇಕು ಅಂತ ಅಲ್ಲಿದ್ದವರಿಗೆ ಗೊತ್ತಿರುತ್ತದೆ. ಅದೇ ಮನೆಯಲ್ಲಿ ಯಾರು ಎಲ್ಲಿ ಯುದ್ಧ ಮಾಡಿದರು ಅನ್ನುವ ಲೆಕ್ಕಾಚಾರ ಶುರುವಾದರೆ ಸಪ್ಲೈ ವಿಭಾಗದಲ್ಲಿದ್ದವನು ಬಾಯಿ ಮುಚ್ಚಿ ಕೂರುತ್ತಾನೆ, ಅದೂ ಆಗುವಂಥದ್ದೇ.

ಮಾಜಿ ಸೈನಿಕರಿಗೆ ಸರ್ಕಾರವೇ ಪುಕ್ಕಟೆ ಮನೆ ಕೊಡಬೇಕಲ್ವಾ ಅಂತ ಕೊನೆಯಲ್ಲಿ ಕೇಳಿದ್ದೀರಿ. ಆ ಪ್ರಯೋಗ ಹಳೆಯದು. ಅಲ್ಲಿನ ಅಂತರ್ಯುದ್ಧ ಮುಗಿಯುವ ಹೊತ್ತಿಗೆ, 1865ರ ಮಾರ್ಚ್‌ನಲ್ಲಿ, ಲಿಂಕನ್ ಸಹಿ ಹಾಕಿದ ಕಾನೂನಿನಿಂದ ದೊಡ್ಡ ದೊಡ್ಡ ಸೈನಿಕರ ಆಶ್ರಮಗಳು ಹುಟ್ಟಿದವು. ಅಲ್ಲೂ ಕುಡಿತವೇ ತಲೆನೋವು. ಗೇಟಿನ ಹೊರಗಿನ ಹೆಂಡದಂಗಡಿಗೆ ಹೋಗದಿರಲಿ ಅಂತ ಕೆಲವು ಕಡೆ ಆವರಣದೊಳಗೇ ಬಿಯರ್ ಹಾಲ್ ತೆರೆದರು! ಈಗ ವಿಎ ಬೇರೆ ದಾರಿ ಹಿಡಿದಿದೆ. ಮನೆಯಿಲ್ಲದ ಮಾಜಿ ಸೈನಿಕರಿಗೆ ಬಾಡಿಗೆಯ ವೋಚರ್ ಕೊಡುವ ಎಚ್‌ಯುಡಿ-ವ್ಯಾಶ್ ಯೋಜನೆ ಇದೆ. 2012ರಿಂದ ಅದರಲ್ಲಿ, ಮೊದಲು ಕುಡಿತ ಬಿಡು ಆಮೇಲೆ ಮನೆ ಅನ್ನುವ ಷರತ್ತು ಇಲ್ಲದ ಪದ್ಧತಿಯನ್ನು ಒಪ್ಪಿಕೊಂಡರು. 2024ರ ಜನವರಿಯ ಎಣಿಕೆಯಲ್ಲೂ 32,882 ಮಾಜಿ ಸೈನಿಕರಿಗೆ ಮನೆ ಇರಲಿಲ್ಲ. ಅವರೆಲ್ಲರಿಗೂ ಮೊದಲು ಬಿಟ್ಟು ಬಾ ಅನ್ನುವುದು ನಿರ್ದಯ. ಸೋಬರ್ ಹೌಸ್ ಇರುವುದು ಕುಡಿತ ಬಿಟ್ಟೇ ಬಿಡುತ್ತೇನೆ ಅಂದವನಿಗೆ, ಅದೂ ಸ್ವಂತ ಇಷ್ಟದಿಂದ ಅಂದವನಿಗೆ. ಎರಡೂ ಬೇಕು, ಯಾವುದು ಮೇಲು ಅಂತ ಕಿತ್ತಾಡುವವರ ಜೊತೆ ನನಗೆ ತಾಳ್ಮೆ ಇಲ್ಲ.

ಅಕ್ಕಪಕ್ಕದವರು ಗಲಾಟೆ ಮಾಡಿ ಓಡಿಸಿಬಿಟ್ಟರೆ ಅಂತ ಹೆದರಬೇಡಿ. ವಾಷಿಂಗ್ಟನ್ ರಾಜ್ಯದ ಎಡ್ಮಂಡ್ಸ್ ಪಟ್ಟಣ ಹಾಗೆ ಮಾಡಲು ಹೋಗಿ, 1995ರಲ್ಲಿ ಸುಪ್ರೀಂ ಕೋರ್ಟ್‌ನಲ್ಲಿ ಆಕ್ಸ್‌ಫರ್ಡ್ ಹೌಸ್ ಎದುರು ಸೋತಿತು. ಹೆದರಬೇಕಾದ್ದು ಮೋಸದ ಮನೆಗಳಿಗೆ. ಬೋರ್ಡ್ ಹಾಕಿಕೊಂಡು, ಜನರನ್ನು ತುಂಬಿ, ಸರ್ಕಾರಿ ವಿಮೆಗೆ ಸುಳ್ಳು ಬಿಲ್ ಕಳಿಸುವವರಿದ್ದಾರೆ. 2023ರಲ್ಲಿ ಅರಿಝೋನಾದಲ್ಲಿ ಮೂಲನಿವಾಸಿಗಳನ್ನೇ ಗುರಿ ಮಾಡಿದ ಇಂಥ ದೊಡ್ಡ ಜಾಲ ಹೊರಬಿತ್ತು. ಬಾಡಿಗೆ ಬೇಡ, ಸುಮ್ನೆ ಬಂದು ಇರಿ, ನಿಮ್ಮ ವಿಮೆ ಕಾರ್ಡ್ ಕೊಡಿ ಅಂದರೆ ಅಲ್ಲಿಂದ ಎದ್ದು ಬರಲಿ. ವೈದ್ಯರು ಬರೆದುಕೊಟ್ಟ ಔಷಧಿಯನ್ನು, ಅಫೀಮು ಜಾತಿಯ ಚಟಕ್ಕೆ ಕೊಡುವ ಬ್ಯುಪ್ರೆನಾರ್ಫಿನ್ ಆಗಲಿ ಇನ್ನೊಂದಾಗಲಿ, ಬಿಟ್ಟು ಬಾ ಅನ್ನುವ ಮನೆಯೂ ಬೇಡ. ಮಾತ್ರೆಗಳನ್ನು ಬೀಗದ ಪೆಟ್ಟಿಗೆಯಲ್ಲಿ ಇಡಿ ಅಂದರೆ ಅದನ್ನು ಒಪ್ಪಿಕೊಳ್ಳಲಿ.

ಒಂದು ಎಚ್ಚರ. ಮನೆ ಸೇರುವ ಮೊದಲು ಅಥವಾ ಆಮೇಲೆ ಮತ್ತೆ ದಿನಾ ಕುಡಿಯಲು ಶುರು ಮಾಡಿದರೆ, ಏಕಾಏಕಿ ನಿಲ್ಲಿಸು ಅಂತ ಯಾರೂ ಹಟ ಹಿಡಿಯಬಾರದು. ಜೋರಾಗಿ ಕುಡಿಯುವವರು ದಿಢೀರ್ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಜೀವಕ್ಕೇ ಅಪಾಯ. ಅದು ಆಸ್ಪತ್ರೆಯಲ್ಲಿ ಆಗಬೇಕಾದ ಕೆಲಸ, ಸೋಬರ್ ಹೌಸ್‌ನಲ್ಲಿ ನರ್ಸ್ ಇರುವುದಿಲ್ಲ.

ಅಕ್ಕನಿಗೆ ಹೇಳಿ, ಮಗ ಪೆಟ್ಟಿಗೆ ಕಟ್ಟುವ ಮೊದಲು ಇಬ್ಬರೂ ಕೂತು ಆ ರಾತ್ರಿಯ ಮಾತು ಆಡಿ ಮುಗಿಸಲಿ. ಹೊರಗೆ ಹಾಕಿದರೆ ಅಮ್ಮನ ಮನೆಗಾ, ಆಸ್ಪತ್ರೆಗಾ? ಕರೆದುಕೊಂಡು ಹೋಗುವವರು ಯಾರು? ಬದುಕೇ ಬೇಡ ಅನ್ನುವ ಮಾತು ಅವರ ಬಾಯಲ್ಲಿ ಬಂದರೆ, ಅಲ್ಲಿ 988 ಒತ್ತಿ ಆಮೇಲೆ 1 ಒತ್ತಿದರೆ ಮಾಜಿ ಸೈನಿಕರಿಗೆಂದೇ ಇರುವ ಸಹಾಯವಾಣಿ ಹಗಲು ರಾತ್ರಿ ಸಿಗುತ್ತದೆ. ಮನೆಯವರೂ ಕರೆ ಮಾಡಬಹುದು. ಆ ನಂಬರನ್ನು ಅಕ್ಕ ಇವತ್ತೇ ಫೋನಿನಲ್ಲಿ ಹಾಕಿಟ್ಟುಕೊಳ್ಳಲಿ.

ನಿಮ್ಮ,
ಸಂಪಾದಕ