ಡೇಗುವಿಗೆ ಹೊರಟ ಹಾಸನದ ತಂಗಿಗೆ

ತಂಗೀ,

ಮಾರ್ಚ್ ಟರ್ಮ್‌ಗೆ ಕೊರಿಯನ್ ಭಾಷೆ ಕಲಿಯಲು ದಕ್ಷಿಣ ಕೊರಿಯಾದ ಡೇಗುವಿನಲ್ಲಿ ಸೀಟು ಸಿಕ್ಕಿದೆ ಅಂತ ಬರೆದಿದ್ದೀಯ, ಸಂತೋಷ. ಎರಡು ದಿನದ ಓರಿಯೆಂಟೇಶನ್ ಪಟ್ಟಿಯನ್ನೂ ಕಳಿಸಿ ಒಂದೇ ಉಸಿರಿಗೆ ಕೇಳಿದ್ದೀಯ: ಸಿಯೋಲ್ ಬಿಟ್ಟು ಡೇಗು ಆರಿಸಿಕೊಂಡಿದ್ದು ತಪ್ಪಾಯಿತಾ, ಸಸ್ಯಾಹಾರಿಗೆ ಅಲ್ಲಿ ಹೊಟ್ಟೆ ತುಂಬುತ್ತಾ, ಬಂದ ತಿಂಗಳೇ ಪಾರ್ಟ್‌ಟೈಮ್ ಕೆಲಸ ಸಿಗುತ್ತೆ ಅಂತ ಏಜೆಂಟ್ ಹೇಳಿದ್ದು ನಿಜವಾ, ಒಂದು ವರ್ಷದಲ್ಲಿ ಮಾತು ಬರುತ್ತಾ.

ಏಜೆಂಟ್ ಕಥೆ ಮೊದಲು ಮುಗಿಸಿಬಿಡ್ತೀನಿ. ಅದು ಸುಳ್ಳು. ನಿನ್ನದು ಡಿ-4, ಅಂದರೆ ತರಬೇತಿ ವೀಸಾ. ಮೊದಲ ಆರು ತಿಂಗಳು ಕೆಲಸ ಮಾಡುವ ಹಾಗೇ ಇಲ್ಲ. ಆಮೇಲೂ ಶಾಲೆಯವರ ಸಹಿ ಬೇಕು, ಇಮಿಗ್ರೇಶನ್ ಅನುಮತಿ ಬೇಕು, ವಾರಕ್ಕೆ ಎಷ್ಟು ಗಂಟೆ ಅನ್ನೋದಕ್ಕೂ ಮಿತಿ ಇದೆ. 2025ರಲ್ಲಿ ಕನಿಷ್ಠ ಕೂಲಿ ಗಂಟೆಗೆ 10,030 ವೊನ್ ಇತ್ತು. ಅದನ್ನು ರೂಪಾಯಿಗೆ ತಿರುಗಿಸಿ ನೋಡಿದವರಿಗೆ ಆಸೆ ಆಗೋದು ಸಹಜ. ಆದರೆ ಅನುಮತಿ ಇಲ್ಲದೆ ಯಾವುದೋ ಹೋಟೆಲಿನಲ್ಲಿ ಪಾತ್ರೆ ತೊಳೆದು ಸಿಕ್ಕಿಬಿದ್ದರೆ ದಂಡ ಕಟ್ಟಬೇಕಾಗುತ್ತೆ, ವೀಸಾಕ್ಕೂ ಕುತ್ತು. ಮೊದಲ ವರ್ಷದ ಖರ್ಚು ಊರಿಂದಲೇ ಬರಬೇಕು ಅಂತ ಅಪ್ಪನಿಗೆ ಈಗಲೇ ಬಿಡಿಸಿ ಹೇಳು.

ಕಾಗದಪತ್ರದ ವಿಷಯ ಓರಿಯೆಂಟೇಶನ್‌ನಲ್ಲಿ ಸಾಕುಬೇಕೆನಿಸುವಷ್ಟು ಹೇಳ್ತಾರೆ. ಬಂದ 90 ದಿನದೊಳಗೆ ವಿದೇಶಿಯರ ನೋಂದಣಿ ಆಗಬೇಕು. ಎಷ್ಟೋ ಶಾಲೆಗಳು ಎಲ್ಲರದನ್ನೂ ಒಟ್ಟಿಗೆ ಮಾಡಿಸುತ್ತವೆ, ನಿಮ್ಮಲ್ಲಿ ಹಾಗಿದೆಯಾ ಅಂತ ಮೊದಲ ದಿನವೇ ಕೇಳು. ಆ ಕಾರ್ಡ್ ಕೈಗೆ ಬರೋವರೆಗೂ ಬ್ಯಾಂಕ್ ಖಾತೆ, ನಿನ್ನ ಹೆಸರಿನ ಫೋನ್ ನಂಬರ್, ಆನ್‌ಲೈನ್ ಖರೀದಿ ಎಲ್ಲದರಲ್ಲೂ ತೊಡಕು. ಹಾಗಾಗಿ ಮೊದಲ ಕೆಲವು ವಾರಕ್ಕೆ ಆಗುವಷ್ಟು ವೊನ್ ನೋಟು ಕೈಯಲ್ಲಿರಲಿ. ಸರ್ಕಾರಿ ಆರೋಗ್ಯ ವಿಮೆ ನಿನಗೆ ಆರು ತಿಂಗಳ ಮೇಲೆಯೇ, ಅಲ್ಲಿಯವರೆಗೆ ಖಾಸಗಿ ವಿಮೆ. ಇಮಿಗ್ರೇಶನ್ ಬಗ್ಗೆ ಅನುಮಾನ ಬಂದರೆ ಗೆಳೆಯರನ್ನು ಕೇಳ್ತಾ ಕೂರಬೇಡ, 1345ಕ್ಕೆ ಫೋನ್ ಮಾಡು, ಇಂಗ್ಲಿಷಿನಲ್ಲೂ ಉತ್ತರ ಸಿಗುತ್ತೆ. ನಮ್ಮ ಮೂರು ಕಡ್ಡಿ ಪ್ಲಗ್ ಇಲ್ಲಿನ ಗೋಡೆಗೆ ಕೂರಲ್ಲ, ಅಡಾಪ್ಟರ್ ತಾ.

ಪಟ್ಟಿಯಲ್ಲಿ ಎರಡನೇ ದಿನ ಬೆಳಗ್ಗೆ ಲೆವೆಲ್ ಟೆಸ್ಟ್ ಅಂತಿದೆಯಲ್ಲ, ಅದಕ್ಕೆ ಉರು ಹೊಡೆದು ಮೇಲಿನ ತರಗತಿಗೆ ಹಾರುವ ಚಪಲ ಬೇಡ. ಒಂದನೇ ಲೆವೆಲ್‌ನಲ್ಲೇ ಕೂತುಕೋ. ಆದರೆ ಕೊರಿಯನ್ನಿನ ಹಂಗುಲ್ ಅಕ್ಷರಗಳನ್ನು ವಿಮಾನ ಹತ್ತುವ ಮೊದಲೇ ಕಲಿತಿರು. ಮೂಲ ಅಕ್ಷರ 24, ವಾರ ಸಾಕು. ಇಲ್ಲಿ ಟೀಚರ್ ಮೊದಲ ಗಂಟೆಯಿಂದಲೇ ಕೊರಿಯನ್ ಬಿಟ್ಟು ಬೇರೆ ಮಾತಾಡಲ್ಲ, ಕೆಲವೇ ದಿನದಲ್ಲಿ ಉಕ್ತಲೇಖನ ಶುರು. ನಮ್ಮ ಪ್ರೈಮರಿ ಶಾಲೆಯದೇ ಉಕ್ತಲೇಖನ, ಕೆಂಪು ಇಂಕೂ ಅದೇ.

ಬರೆಯುವುದಕ್ಕಿಂತ ಕಿವಿಯೇ ಕಷ್ಟ. ಚಂದ್ರ, ಮುಖವಾಡ, ಮಗಳು: ಈ ಮೂರಕ್ಕೂ ಕೊರಿಯನ್ನಿನಲ್ಲಿ 'ತಾಲ್' ಅಂತಲೇ ಕೇಳಿಸುತ್ತೆ. ಮುಖವಾಡದ್ದು ನಮ್ಮ ಥ, ಉಸಿರು ಜೋರು. ಮಗಳದ್ದು ಉಸಿರೇ ಇಲ್ಲದ ಬಿಗಿ ತ, 'ಅತ್ತೆ'ಯಲ್ಲಿ ಬರುತ್ತಲ್ಲ ಹಾಗೆ. ಚಂದ್ರ ಇವೆರಡರ ಮಧ್ಯೆ ಎಲ್ಲೋ. ನಮ್ಮ ವರ್ಣಮಾಲೆಯಲ್ಲಿ ಮಹಾಪ್ರಾಣ ಇದ್ದೇ ಇದೆ, ಆದರೆ ದಿನದ ಮಾತಿನಲ್ಲಿ ನಾವು ಅದನ್ನು ನುಂಗಿಬಿಡ್ತೀವಿ. ಇಲ್ಲಿ ನುಂಗಿದರೆ ಅರ್ಥವೇ ಬೇರೆ. ವ್ಯಾಕರಣ ಮಾತ್ರ ನಿನಗೆ ಒಲಿದಿರುತ್ತೆ, ಇಂಗ್ಲಿಷ್ ಮೂಲಕ ಕಲಿಯದಿದ್ದರೆ. 'ಹಾಸನ್‌ಎಸೊ ವಾಸ್ಸೊಯೊ' ಅಂದರೆ 'ಹಾಸನದಿಂದ ಬಂದೆ'. ಊರು, ಅದಕ್ಕೊಂದು ವಿಭಕ್ತಿ, ಕೊನೆಗೆ ಕ್ರಿಯಾಪದ; 'ನಾನು' ಅಂತ ಹೇಳಲೇಬೇಕಿಲ್ಲ. ನೋಟ್ಸನ್ನು ಕನ್ನಡದಲ್ಲಿ ಬರೆದುಕೋ. ಪಕ್ಕದವರು ಇಂಗ್ಲಿಷಿನಲ್ಲಿ ವಾಕ್ಯ ತಲೆಕೆಳಗು ಮಾಡ್ತಾ ಇರುವಾಗ ನೀನು ಮುಂದಿನ ಪುಟದಲ್ಲಿರ್ತೀಯ.

ಇನ್ನು ಓರಿಯೆಂಟೇಶನ್‌ನಲ್ಲಿ ಯಾರೂ ಹೇಳದ್ದು. ಕೊರಿಯನ್ ಕಲಿಯುವ ತರಗತಿಯಲ್ಲಿ ಟೀಚರ್ ಬಿಟ್ಟರೆ ಕೊರಿಯನ್ನರೇ ಇರಲ್ಲ! ವಿಯೆಟ್ನಾಂ, ಚೀನಾ, ಮಂಗೋಲಿಯಾ, ಉಜ್ಬೇಕಿಸ್ತಾನದ ಮಕ್ಕಳು, ಮಧ್ಯೆ ನೀನು. ದಿನಕ್ಕೆ ನಾಲ್ಕು ಗಂಟೆ, ಹತ್ತು ವಾರಕ್ಕೆ 200 ಗಂಟೆ ಪಾಠ. ಅದು ಮುಗಿದ ಮೇಲೆ ಹಾಸ್ಟೆಲಿನಲ್ಲಿ ಇಂಡಿಯಾದವರ ಜೊತೆ ಹಿಂದಿ, ಮನೆಗೆ ಫೋನ್ ಮಾಡಿ ಕನ್ನಡ. ಹೀಗೇ ವರ್ಷ ಕಳೆದು, ಪರೀಕ್ಷೆ ಪಾಸಾಗಿ, ಔಷಧಿ ಅಂಗಡಿಯಲ್ಲಿ ಹೊಟ್ಟೆನೋವು ಅಂತ ಹೇಳಲು ಫೋನ್ ತೆಗೆಯುವವರನ್ನು ಇಲ್ಲಿ ಬೇಕಾದಷ್ಟು ನೋಡಿದ್ದೀನಿ. ಹೊಸಬರಿಗೆ ಕೊರಿಯನ್ ವಿದ್ಯಾರ್ಥಿಯೊಬ್ಬರನ್ನು ಜೊತೆ ಮಾಡುವ 'ತೊಉಮಿ' ವ್ಯವಸ್ಥೆ ಅನೇಕ ವಿಶ್ವವಿದ್ಯಾಲಯಗಳಲ್ಲಿದೆ, ಓರಿಯೆಂಟೇಶನ್ ದಿನವೇ ಹೆಸರು ಕೊಡು. ವಿದ್ಯಾರ್ಥಿ ಕ್ಲಬ್ಬಿಗೆ ಸೇರಿಸಿಕೊಳ್ತಾರಾ ಕೇಳು. ಅದೂ ಆಗದಿದ್ದರೆ ಸೊಮುನ್ ಮಾರ್ಕೆಟ್ ಇದ್ದೇ ಇದೆ. ಪ್ರತಿ ವಾರ ಒಂದೇ ಅಂಗಡಿಯಲ್ಲಿ ಸೊಪ್ಪು ಕೊಳ್ಳು. ಮೂರನೇ ವಾರಕ್ಕೆ ಅಂಗಡಿಯಮ್ಮ ವಯಸ್ಸು ಕೇಳ್ತಾರೆ, ಮದುವೆ ಆಗಿದೆಯಾ ಅಂತಾರೆ. ನಮ್ಮ ಸಂತೆಯಲ್ಲಿ ಕೇಳೋದೂ ಅದನ್ನೇ ಅಲ್ಲವಾ, ಬೇಜಾರು ಮಾಡಿಕೊಳ್ಳದೆ ಉತ್ತರ ಹೇಳು.

ಈ ಲೆಕ್ಕದಲ್ಲಿ ಡೇಗು ತಪ್ಪೇನಲ್ಲ, ನನ್ನ ಪ್ರಕಾರ ಸಿಯೋಲ್‌ಗಿಂತ ವಾಸಿ. ಬಾಡಿಗೆ ಕಡಿಮೆ, ಇಂಗ್ಲಿಷಿನಲ್ಲಿ ಜಾರಿಕೊಳ್ಳುವ ಅವಕಾಶವೂ ಕಡಿಮೆ. ಒಂದೇ ತಕರಾರು, ಇಲ್ಲಿನವರು ಆಡೋದು ಪುಸ್ತಕದ ಕೊರಿಯನ್ ಅಲ್ಲ, ಗ್ಯೊಂಗ್‌ಸಾಂಗ್ ಸೀಮೆಯ 'ಸಾತುರಿ', ಅಂದರೆ ಆಡುನುಡಿ. ಏನು, ಎಲ್ಲಿ ಅಂತ ಕೇಳುವ ಪ್ರಶ್ನೆಗೆ ಕೊನೆಯಲ್ಲಿ 'ನೊ', ಹೌದಾ ಇಲ್ಲವಾ ಅನ್ನೋ ಪ್ರಶ್ನೆಗೆ 'ನಾ'. 'ಮ್ವೊ ಹಾನೊ?' ಅಂದರೆ ಏನು ಮಾಡ್ತಿದ್ದೀಯ. 'ಬಾಪ್ ಮೊಗೊನ್ನಾ?' ಅಂದರೆ ಊಟ ಆಯ್ತಾ. ಸ್ವರ ಏರಿಸಿ ಇಳಿಸಿ ಆಡುವಾಗ ಜಗಳದ ಹಾಗೆ ಕೇಳಿಸುತ್ತೆ, ಹೆದರಬೇಡ. ಟೋಪಿಕ್, ಅಂದರೆ ಕೊರಿಯನ್ ಭಾಷೆ ಎಷ್ಟು ಬರುತ್ತೆ ಅಂತ ಅಳೆಯುವ ಪರೀಕ್ಷೆಯ ಆಡಿಯೋ ಶುದ್ಧ ಸಿಯೋಲ್ ಭಾಷೆ, ಅದನ್ನು ಬೇರೆಯಾಗಿ ಕೇಳಿ ಅಭ್ಯಾಸ ಮಾಡು. ಬೇಸಿಗೆ ಮಾತ್ರ ಘೋರ, ಸುತ್ತ ಬೆಟ್ಟ ಇರುವ ಬಟ್ಟಲಿನಲ್ಲಿ ಊರಿದೆ, ಸೆಕೆ ಹೊರಗೆ ಹೋಗಲ್ಲ.

ಊಟ. 'ಮಾಂಸ ಬೇಡ' ಅಂದರೆ ಸಾಲದು. ಮಾಂಸ ತೆಗೆದು ಹ್ಯಾಮ್ ಹಾಕಿದ ಕಿಂಬಾಪ್ (ಕಡಲಪಾಚಿಯಲ್ಲಿ ಸುತ್ತಿದ ಅನ್ನ) ಬರುತ್ತೆ, ಹ್ಯಾಮ್ ತೆಗೆಸಿದರೆ ಮೀನಿನ ಹಿಟ್ಟಿನ ಓಮುಕ್ ಉಳಿದಿರುತ್ತೆ. ಒಂದೊಂದರ ಹೆಸರೂ ಹೇಳಬೇಕು. ಸಾರು ತಿಳಿಯಾಗಿದ್ದರೂ ಅದರ ಬುಡದಲ್ಲಿ ಒಣ ಮೀನು ಕುದ್ದಿರುತ್ತೆ. ಅಂಗಡಿ ಕಿಮ್ಚಿಯಲ್ಲಿ ಸಾಮಾನ್ಯವಾಗಿ ಉಪ್ಪು ಸೀಗಡಿಯೋ ಮೀನಿನ ರಸವೋ ಇದ್ದೇ ಇರುತ್ತೆ. ಎಷ್ಟು ಕಟ್ಟುನಿಟ್ಟು ಅನ್ನೋದನ್ನು ಊರಲ್ಲೇ ತೀರ್ಮಾನಿಸಿಕೊಂಡು ಬಾ, ಇಲ್ಲಿ ಬಂದು ಹಸಿದ ಹೊಟ್ಟೆಯಲ್ಲಿ ತೀರ್ಮಾನಿಸಬೇಡ. ನೆಮ್ಮದಿಯಾಗಿ ಉಣ್ಣೋ ಜಾಗ ಬೌದ್ಧ ದೇವಸ್ಥಾನದ ಊಟ. ಪಲ್ಗೊಂಗ್ ಬೆಟ್ಟದಲ್ಲಿ ದೊಂಗ್ಹ್ವಾಸಾ ದೇವಸ್ಥಾನ ಇದೆ. ಭಿಕ್ಷುಗಳ ಅಡುಗೆಗೆ ಈರುಳ್ಳಿ ಬೆಳ್ಳುಳ್ಳಿಯೂ ಬೀಳಲ್ಲ, ನಿಮ್ಮಜ್ಜಿಯ ಮಡಿ ಅಡುಗೆಗೂ ಸಲ್ಲುತ್ತೆ. ಬೇಳೆ, ಹುಣಸೆಹಣ್ಣಿಗೆ ಸೊಂಗ್‌ಸೊ ಕಡೆ ಹೋಗು, ಕೈಗಾರಿಕಾ ಪ್ರದೇಶ, ಹೊರದೇಶದ ಕಾರ್ಮಿಕರು ಹೆಚ್ಚು. ಇಲ್ಲಿನ ಅಂಟು ಅನ್ನ ಸಾರಿಗೆ ಆಗಿಬರಲ್ಲ, ಮೊಸರನ್ನಕ್ಕೆ ಮಾತ್ರ ಸೋನಾ ಮಸೂರಿಗಿಂತ ಚೆನ್ನಾಗಿರುತ್ತೆ. ಸಕ್ಕರೆ ಹಾಕದ ಮೊಸರು ನೋಡಿ ತಗೋ.

ಒಂದು ವರ್ಷಕ್ಕೆ ಮಾತು ಬರುತ್ತಾ? ಆರು ಲೆವೆಲ್, ವರ್ಷಕ್ಕೆ ನಾಲ್ಕು ಟರ್ಮ್. ಎಲ್ಲೂ ಫೇಲಾಗದೆ ಹೋದರೆ ವರ್ಷದ ಕೊನೆಗೆ ನಾಲ್ಕು ಮುಗಿದಿರುತ್ತೆ. ಡಿಗ್ರಿ ಸೇರಲು ಅನೇಕ ಕಡೆ ಟೋಪಿಕ್ ಮೂರು ಕೇಳ್ತಾರೆ, ಅದು ನಿನ್ನ ಕೈಗೆಟುಕುತ್ತೆ. ಆಫೀಸಿನಲ್ಲಿ ಕೊರಿಯನ್ನರ ಜೊತೆ ಮೀಟಿಂಗ್ ಮಾಡುವ ಮಟ್ಟ ಅದಲ್ಲ. ಹಾಜರಿ ಶೇ. 80ಕ್ಕಿಂತ ಇಳಿದರೆ ಲೆವೆಲ್ಲೂ ಹೋಗುತ್ತೆ, ವೀಸಾ ಮುಂದುವರಿಸೋದೂ ಕಷ್ಟ. ಚಳಿಯಲ್ಲಿ ಒಂಬತ್ತು ಗಂಟೆ ಕ್ಲಾಸಿಗೆ ಏಳೋದೇ ದೊಡ್ಡ ಪರೀಕ್ಷೆ.

ಸಾಂಬಾರ್ ಪುಡಿ, ಚಟ್ನಿಪುಡಿ ತಾ. ಹಸಿ ಕರಿಬೇವು, ಹಣ್ಣು, ಬೀಜ ಬ್ಯಾಗಿಗೆ ಹಾಕಬೇಡ, ಇಂಚಿಯಾನ್ ಏರ್‌ಪೋರ್ಟಿನಲ್ಲಿ ಹಿಡಿದು ಎಸೀತಾರೆ. ಕುಕ್ಕರ್ ತರೋದಾದರೆ ಇಂಡಕ್ಷನ್ ತಳದ್ದು, ಅದಕ್ಕೂ ಮುಂಚೆ ಹಾಸ್ಟೆಲಿನಲ್ಲಿ ಅಡುಗೆಮನೆ ಇದೆಯಾ ಅಂತ ಮೇಲ್ ಮಾಡಿ ಕೇಳು. ಏರ್‌ಪೋರ್ಟಿಂದ ರೈಲಿನಲ್ಲಿ ಸಿಯೋಲ್ ಸ್ಟೇಶನ್, ಅಲ್ಲಿಂದ ಕೆಟಿಎಕ್ಸ್ ಅನ್ನೋ ವೇಗದ ರೈಲು ಹತ್ತಿದರೆ ಎರಡು ಗಂಟೆಯೊಳಗೆ ಡೇಗುವಿನ ದೊಂಗ್‌ಡೇಗು ಸ್ಟೇಶನ್. ಫ್ಲೈಟ್ ಬೆಳಗ್ಗೆ ಇಳಿಯುವಂಥದ್ದೇ ನೋಡು. ಟಿಕೆಟ್ ಆದ ಮೇಲೆ ತಾರೀಖು ತಿಳಿಸು, ಶನಿವಾರ ಭಾನುವಾರ ಆದರೆ ಸ್ಟೇಶನ್ನಿಗೆ ನಾನೇ ಬರ್ತೀನಿ.